ಸತ್ತೆಪ್ಪ ಕಾಕಾನ ಗಾಡಿಗೆ ಹೊಸ ಹಣೆ

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ಗೋಕಾಕದಲ್ಲಿ ಗಾಡಿ ಸಿಂಗರಿಸುವ ಸಾಮಾನಿನ ಅಂಗಡಿಯೊಂದರಲ್ಲಿ ನಾನು ಪಗಾರಕ್ಕಿದ್ದೇನೆ. ಸೀಟ್ ಕವರ್, ಬಣ್ಣಬಣ್ಣದ ಲೈಟು, ಹಾರ್ನು, ಹಿಂದಿನ ಗಾಜಿಗೆ ಅಂಟಿಸುವ ದೇವರ ಹೆಸರು, ಇವು ನಮ್ಮ ವ್ಯಾಪಾರ. ನಾನು ಅಲ್ಲಿ ಸ್ಟಿಕರ್ ಅಂಟಿಸುವವನು. ಒಂದು ಗುಳ್ಳೆಯೂ ಏಳದಂತೆ ಅಂಟಿಸುತ್ತೇನೆ. ಅದಕ್ಕಿಂತ ಹೆಚ್ಚಿನದೇನೂ ನನಗೆ ಬರುವುದಿಲ್ಲ. ಆದರೆ ನಮ್ಮೂರು ನಾಗನೂರಿನಲ್ಲಿ ಜನ ನನ್ನನ್ನು ಗಾಡಿ ಬಲ್ಲವನೆಂದು ನಂಬಿದ್ದಾರೆ. ಯಾರದಾದರೂ ಗಾಡಿ ಕೆಟ್ಟು ನಿಂತರೆ ಪಕ್ಕದಲ್ಲಿ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ಇಂಜಿನ್ ನೋಡುತ್ತ ‘ಹೂಂ’ ಎನ್ನುವ ಅಭ್ಯಾಸ ನನಗಿದೆ. ಆ ಒಂದು ‘ಹೂಂ’ನಿಂದ ಹುಟ್ಟಿದ ನಂಬಿಕೆ ಅದು. ಅದಕ್ಕೆ ಪೂರ್ತಿ ಬಲಿಯಾದವನು ನಮ್ಮ ಓಣಿಯ ಸತ್ತೆಪ್ಪ ಕಾಕಾ. ಬಲಿಯಾದ ಮೇಲೂ ನಗುತ್ತಿರುವವನೂ ಅವನೇ.

ಕಾಕಾ ಕುರಿಗಾರ. ಊರಲ್ಲಿ ಮನೆಯಿದೆ, ಆದರೆ ವರ್ಷದ ಹೆಚ್ಚು ಭಾಗ ಅವನೂ ಅವನ ಹೆಂಡತಿ ರಾಮವ್ವ ಕಾಕುವೂ ಕುರಿಗಳ ಜೊತೆ ಹೊಲದಿಂದ ಹೊಲಕ್ಕೆ ಹೋಗುತ್ತಿರುತ್ತಾರೆ. ಪೀಕು ತೆಗೆದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿ ಗೊಬ್ಬರ ಮಾಡಿಸಿಕೊಳ್ಳುವುದು ನಮ್ಮ ಕಡೆಯ ರೈತರ ರೂಢಿ. ಕಾಕಾನ ಹಿಂಡೆಂದರೆ ಮೂಡಲಗಿಯಿಂದ ಹುಕ್ಕೇರಿಯವರೆಗೆ ಹೆಸರಿದೆ. ಹಿಂಡಿಗಿಂತ ಹೆಚ್ಚಿನ ಹೆಸರು ಅವನ ಮೀಸೆಗೆ. ಕುರಿ ಕಾಯುವವನನ್ನು ಅಡವಿಯಲ್ಲಿ ನೋಡುವವರು ಯಾರು? ಆದರೂ ಕೆಂಪು ರುಮಾಲು ಸುತ್ತುವಾಗ ಅವನು ತೆಗೆದುಕೊಳ್ಳುವ ಹೊತ್ತಿನಲ್ಲಿ ಕಾಕು ರೊಟ್ಟಿ ಬಡಿದು, ಚಟ್ನಿ ಕುಟ್ಟಿ, ಎರಡು ಸಲ ಬೈದು ಮುಗಿಸಿರುತ್ತಾಳೆ.

ಮೊಣಕಾಲು ಹಿಡಿದುಕೊಂಡ ಮೇಲೆ ಕಾಕಾ ಒಂದು ಹಳೆಯ ಬೊಲೆರೋ ಕೊಂಡ. ಡ್ರೈವಿಂಗನ್ನು ಒಣಗಿದ ಕೆರೆಯಲ್ಲಿ ಕಲಿತ. ಸ್ಟೇರಿಂಗ್ ಹಿಡಿದರೂ ಅವನ ನಡಿಗೆ ಕುರಿಗಾರನದೇ. ಯಾರನ್ನೂ ಹಿಂದೆ ಹಾಕುವುದಿಲ್ಲ, ನೆರಳು ಕಂಡಲ್ಲಿ ನಿಲ್ಲಿಸುತ್ತಾನೆ, ರಿವರ್ಸ್ ಹೋಗಬೇಕೆಂದರೆ ಕೆಳಗಿಳಿದು ಒಮ್ಮೆ ಹಿಂದೆ ನೋಡಿ ಬರುತ್ತಾನೆ. ದಾರಿಯಲ್ಲಿ ಹುಟ್ಟಿದ ಮರಿಗಳನ್ನು ಹಿಂದಿನ ಸೀಟು ಕಿತ್ತ ಜಾಗದಲ್ಲಿ ಹಾಕಿಕೊಂಡು ಮುಂದೆ ಹೊರಡುವುದು. ಹೊರಡುವ ಮುಂಚೆ ಹಾರ್ನ್ ಒತ್ತುವುದು. ಮರಿಯ ದನಿ ಕೇಳಿದ ತಾಯಿಗಳು ಗಾಡಿಯ ಬೆನ್ನು ಹತ್ತುವುದು. ತಾಯಿಗಳ ಹಿಂದೆ ಉಳಿದ ಹಿಂಡು. ಹೀಗೇ ನಡೆದು ನಡೆದು, ಮರಿ ಇರಲಿ ಬಿಡಲಿ, ಆ ಹಾರ್ನ್ ಕೇಳಿದರೆ ಸಾಕು, ಕುರಿಗಳು ಮೇವು ಬಿಟ್ಟು ಬಂದು ನಿಲ್ಲುವಂತಾಯಿತು. ಅದೇನು ಚೆಂದದ ಹಾರ್ನಲ್ಲ. ಒಮ್ಮೆ ಕಾಲುವೆ ದಾಟುವಾಗ ನೀರು ಕುಡಿದು, ಅಂದಿನಿಂದ ನೆಗಡಿಯಾದ ಟಗರಿನ ಹಾಗೆ ‘ಬ್ಹೊಂಯ್’ ಎನ್ನುತ್ತಿತ್ತು.

ನಮ್ಮ ಅಂಗಡಿಯ ಮೂಲೆಯಲ್ಲಿ ಒಂದು ದೊಡ್ಡ ಕರಿ ಬಂಪರ್ ಬಿದ್ದಿತ್ತು. ಕಲ್ಲು ಮುಳ್ಳಿನ ದಾರಿಯಲ್ಲಿ ಓಡಿಸುವ ಗಾಡಿಗಳಿಗೆ ಹಾಕುವಂಥದ್ದು, ದಪ್ಪ ತಗಡು. ಯಾರೋ ತರಿಸಿ, ಬರುವಷ್ಟರಲ್ಲಿ ಗಾಡಿಯನ್ನೇ ಮಾರಿಬಿಟ್ಟಿದ್ದರು. ಸಂತೆಗೆ ಬಂದ ಕಾಕಾ ಅದನ್ನು ನೋಡಿ ಕಣ್ಣು ಕೀಳಲಿಲ್ಲ.

“ಉಮೇಶಾ, ಇದರ ಮಾರಿ ನೋಡಲೇ. ಖರೆ ಖರೆ ಟಗರಿನ ಹಣಿ ಇದ್ದಂಗ ಐತಿ.”

“ನಿನ್ನ ಗಾಡಿಗೆ ಭಾಳ ಒಪ್ಪತೈತಿ ಕಾಕಾ” ಎಂದೆ. ಅದು ಹೊಸ ಮಾಡೆಲ್‌ನ ಗಾಡಿಗೆ ಮಾಡಿದ್ದೆಂಬುದು ನನಗೆ ಗೊತ್ತಿತ್ತು. ಆದರೆ ಬಂಪರ್ ಕೂಡಿಸುವ ವಿಡಿಯೋಗಳನ್ನು ನೋಡಿ ನೋಡಿ ನನ್ನ ಕೈ ಕಡಿಯುತ್ತಿತ್ತು. ಅವುಗಳಲ್ಲಿ ಒಬ್ಬ ಮನುಷ್ಯ, ಬಿಳಿ ಅಂಗಿಗೆ ಕಲೆಯಾಗದಂತೆ, ಹಾಡು ಮುಗಿಯುವಷ್ಟರಲ್ಲಿ ಕೂಡಿಸಿ ಮುಗಿಸುತ್ತಾನೆ.

“ಇದಕ್ಕ ಎರಡು ಕೋಡು ಮಾಡಿಸೋಣೇನು? ಪೈಪಿಲೆ?”

“ಬ್ಯಾಡೋ ಕಾಕಾ, ಮುಂದ ಪೈಪ್ ಹಚ್ಚಿದ್ರ ಪೊಲೀಸರು ಹಿಡೀತಾರ.”

“ಹಂಗಾರ ಬಣ್ಣದಾಗ ಬರಿ. ಬಣ್ಣಕ್ಕ ಏನ್ ಹಿಡೀತಾರ?”

ಮುಂದಿನ ಆದಿತ್ಯವಾರ ನನಗೆ ಸೂಟಿ. ಕಾಕಾನ ಹಿಂಡು ಆಗ ಮಸಗುಪ್ಪಿಯಲ್ಲಿ ಸುನೀಲ ಎಂಬವರ ಹೊಲದಲ್ಲಿತ್ತು. ಮಧ್ಯಾಹ್ನ ಅಲ್ಲಿಂದ ಎದ್ದು ಹುಕ್ಕೇರಿ ಕಡೆ ಹೊರಡುವುದಿತ್ತು. ಅಲ್ಲಿ ಶಿದ್ಲಿಂಗಪ್ಪ ಎಂಬ ರೈತರು ಗೋವಿನಜೋಳ ತೆಗೆದ ಹೊಲವನ್ನು ಕಾಕಾನಿಗೆಂದೇ ಬಿಟ್ಟುಕೊಂಡು ಕಾದಿದ್ದರು. ‘ಹೊಸ ಹಣೆ ಹಾಕಿಕೊಂಡೇ ಹುಕ್ಕೇರಿಗೆ ಹೋಗೋಣ’ ಎಂದು ಕಾಕಾ ಬೆಳಿಗ್ಗೆಯೇ ಗಾಡಿಯನ್ನು ಮೂಡಲಗಿಯ ಮುತ್ತಪ್ಪನವರ ವೆಲ್ಡಿಂಗ್ ಅಂಗಡಿಗೆ ತಂದ. ನಾನು ಬಂಪರನ್ನು ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ಬಂದೆ. ಬಿಳಿ ಅಂಗಿ ಹಾಕಿದ್ದೆ.

ಹಳೆಯ ಬಂಪರಿನ ಬೋಲ್ಟುಗಳು ಜಂಗು ಹಿಡಿದು ಚಾಸಿಯ ಜೊತೆ ಒಂದಾಗಿದ್ದವು. ಡೀಸೆಲ್ ಹಾಕಿ ನೆನೆಸಿದೆವು. ಬೋಲ್ಟು ತಿರುಗಿಸುವ ಪಾನಾ ಹಾಕಿ ನಾನು ಜಗ್ಗಿದೆ. ಬೋಲ್ಟು ಅಲ್ಲೇ ಉಳಿಯಿತು, ನಾನು ಹಿಂದೆ ಹೋಗಿ ಕುಳಿತೆ. ಕಡೆಗೆ ಮುತ್ತಪ್ಪ ಗ್ಯಾಸಿನಿಂದ ಕತ್ತರಿಸಿದರು. ಹೊಸದನ್ನು ಎತ್ತಿ ಹಿಡಿದರೆ ಅದರ ತೂತಿಗೂ ಚಾಸಿಯ ತೂತಿಗೂ ಸಂಬಂಧವೇ ಇಲ್ಲ.

“ಏನ್ ಇಂಜಿನಿಯರ್ ಸಾಹೇಬ್ರ” ಎಂದರು ಮುತ್ತಪ್ಪ, “ನಿಮ್ಮ ವಿಡಿಯೋದಾಗ ಈಗ ಏನ್ ಮಾಡ್ತಾರ?”

“ಇಲ್ಲೆ ಅವರು ಹಾಡು ಹಚ್ಚತಾರ್ರಿ.”

“ಹಚ್ಚು ಮತ್ತ.”

ಮುತ್ತಪ್ಪ ದಪ್ಪ ಪಟ್ಟಿ ಕತ್ತರಿಸಿ ಎರಡೂ ಬಾಜೂ ಹೊಸ ಬ್ರಾಕೆಟ್ ಮಾಡಿ ಬೆಸೆದರು. ನಾನು ಮತ್ತು ಕಾಕಾ ಬಂಪರನ್ನು ಎದೆಗೆ ಒರಗಿಸಿ ಹಿಡಿದು ನಿಂತೆವು. ಬಿಳಿ ಅಂಗಿಯ ಬಗ್ಗೆ ಇನ್ನು ಮಾತಾಡುವುದಿಲ್ಲ. ಎಲ್ಲ ಸರಿಯಾಯಿತು ಎನ್ನುವಾಗ ಮುತ್ತಪ್ಪ ಬಗ್ಗಿ ನೋಡಿದರು.

“ಹಾರ್ನ್ ತಗಡಿಗೆ ಒತ್ತಾಕತ್ತೈತಿ. ಇದನ್ನ ಎಲ್ಲಿ ಹಚ್ಚೂನು?”

ಇಡೀ ದಿನದಲ್ಲಿ ನನಗೆ ಉತ್ತರ ಗೊತ್ತಿದ್ದ ಪ್ರಶ್ನೆ ಅದೊಂದೇ. “ಅದನ್ನ ತಗದು ಒಗೀರಿ. ಕಾಕಾಗ ನಾ ಜೋಡಿ ಹಾರ್ನ್ ತಂದೇನಿ. ನನ್ನ ಕಡಿಂದ ಆಯೇರಿ.”

ಕಾಕಾ ಬಂಪರಿನ ಹೊಳಪಿನಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದ. “ಹೊಸ ಮಾರಿಗೆ ಹೊಸ ದನಿ. ಹಚ್ಚರಿ, ಹಚ್ಚರಿ!”

ಹಚ್ಚಿದೆವು. ಹಳದಿ ಬಣ್ಣದಲ್ಲಿ ನಾನು ಎರಡು ಸುರುಳಿ ಕೋಡು ಬರೆದೆ. ಅದೊಂದು ಕೆಲಸ ಗುಳ್ಳೆಯಿಲ್ಲದೆ ಆಯಿತು. ಬಂಪರಿನ ಭಾರಕ್ಕೆ ಗಾಡಿಯ ಮೂಗು ತುಸು ಬಗ್ಗಿ, ನಿಜವಾಗಿಯೂ ಗುದ್ದಲು ನಿಂತ ಟಗರಿನಂತೆ ಕಂಡಿತು. ಕಾಕಾ ಮೂಡಲಗಿಯ ಪೇಟೆಯಲ್ಲಿ ಬೇಕಿಲ್ಲದ ಒಂದು ಸುತ್ತು ಹೊಡೆದು ಮಸಗುಪ್ಪಿಗೆ ಹೊರಟ. ನಾನು ನನ್ನ ಕಲಾಕೃತಿಯ ಫೋಟೋ ತೆಗೆಯಬೇಕೆಂದು ಮುತ್ತಪ್ಪನವರ ಬೈಕ್ ಇಸಿದುಕೊಂಡು ಬೆನ್ನು ಹತ್ತಿದೆ.

ಕಾಕು ರಾತ್ರಿ ಕುರಿ ಕೂಡುವ ಬಲೆ ಸುತ್ತಿ, ಗಂಟುಮೂಟೆ ಕಟ್ಟಿ ತಯಾರಾಗಿದ್ದಳು. ಗಾಡಿಯನ್ನು ಒಂದು ಸುತ್ತು ಬಂದು ನೋಡಿದಳು.

“ಛಲೋ ಐತಿ. ನಿಮ್ಮ ತಮ್ಮನಂಗ ಕಾಣತೈತಿ” ಎಂದಳು ಗಂಡನಿಗೆ. “ಬರ್ರಿ ಲಗೂನ. ಹೊತ್ತ ಇಳೀತು, ರೋಡ್ ದಾಟಬೇಕು.”

ಕಾಕಾ ಬಾಗಿಲು ಹಾಕಿ, ರುಮಾಲು ಸರಿಮಾಡಿಕೊಂಡು, ಹಾರ್ನ್ ಒತ್ತಿದ.

ನಮ್ಮ ಅಂಗಡಿಯ ಜೋಡಿ ಹಾರ್ನ್ ಬಸ್ಸಿನವರೂ ಬೆಚ್ಚುವಂಥದ್ದು. ಹೊಲದಲ್ಲಿ ಅದು ಚೀರಿದ್ದೇ ತಡ, ಹಿಂಡೆಲ್ಲ ಒಮ್ಮೆ ತಲೆ ಎತ್ತಿತು. ಎದುರಿಗೆ ನೋಡಿದರೆ ಕೋಡು ಬಗ್ಗಿಸಿ ನಿಂತ ಒಂದು ಕರಿ ದೈತ್ಯ. ಮರುಗಳಿಗೆ ಎಲ್ಲವೂ ತಿರುಗಿ ಓಡಿ, ಪಕ್ಕದಲ್ಲಿ ಆಳೆತ್ತರ ಬೆಳೆದು ನಿಂತಿದ್ದ ಸುನೀಲರ ಕಬ್ಬಿನೊಳಗೆ ಹೊಕ್ಕುಬಿಟ್ಟವು. ಕುರಿಗಳಿದ್ದಲ್ಲಿ ಧೂಳು ಮಾತ್ರ ಉಳಿಯಿತು. ನಾಯಿ ಧೂಳನ್ನು ನೋಡಿತು, ನಮ್ಮನ್ನು ನೋಡಿತು, ಕಾಕುವಿನ ಹಿಂದೆ ಹೋಗಿ ಕುಳಿತಿತು.

ಗಾಬರಿಯಲ್ಲಿ ಕಾಕಾ ಮತ್ತೊಮ್ಮೆ ಒತ್ತಿದ. ಕಬ್ಬಿನ ಗರಿಗಳು ಇನ್ನಷ್ಟು ಆಚೆ ಅಲುಗಿದವು.

“ಒತ್ತಬ್ಯಾಡ್ರಿ!” ಎಂದು ಕಾಕು ಕೂಗಿದಳು. “ಆಚಿ ಬಾಜೂ ರೋಡ್ ಐತಿ, ಕಬ್ಬಿನ ಟ್ರಾಲಿ ಒಂದರ ಹಿಂದ ಒಂದು ಹೊಂಟಾವ. ಅಲ್ಲಿ ಹಾಯ್ದ್ರ ಒಂದೂ ಉಳಿಯಂಗಿಲ್ಲ.”

ಕಾಕಾನ ಮುಖದಲ್ಲಿ ಮೀಸೆ ಮಾತ್ರ ಮೊದಲಿನಂತಿತ್ತು. ಕೆಳಗಿಳಿದು ಅಂಚಿಗೆ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಗಾಡಿ ಕೊಳ್ಳುವ ಮುಂಚೆ ಕರೆಯುತ್ತಿದ್ದ ಹಾಗೆ ‘ಹುರ್ರ್ ಬಾ, ಬಾ, ಬಾ’ ಎಂದು ಕರೆದ. ಒಂದು ಮುದಿ ಕುರಿ ಹೊರಗೆ ಬಂದು, ಅವನ ಮುಖ ನೋಡಿ, ಅವನ ಪಕ್ಕದಲ್ಲಿ ನಿಂತಿತು. ಆ ಕರೆ ನೆನಪಿದ್ದದ್ದು ಅದೊಂದಕ್ಕೇ. ಉಳಿದವೆಲ್ಲ ಹಾರ್ನ್ ಕೇಳುತ್ತಲೇ ಹುಟ್ಟಿ ಬೆಳೆದವು.

“ಹಾರ್ನ್ ಎಲ್ಲಿ?” ಎಂದಳು ಕಾಕು.

“ಹೊಸಾದು ಐತ್ಯಲ್ಲ…”

“ನಮ್ಮ ಹಾರ್ನ್ ಎಲ್ಲಿ? ಗಾಡಿಗೆ ಮಾರಿ ಹಚ್ಚಸ್ಕೊಂಡು, ಬಾಯಿ ಕಿತ್ತು ಒಗದು ಬಂದ್ರ್ಯಾ ಇಬ್ಬರೂ?”

ಇಬ್ಬರೂ ಎಂದರೆ ಕಾಕಾ ಮತ್ತು ನಾನು. ಕಾಕಾ ನನ್ನನ್ನು ನೋಡಿದ. ನಾನು ‘ಹೂಂ’ ಎನ್ನಲು ಬಾಯಿ ತೆಗೆದು, ಮುಚ್ಚಿ, ಬೈಕ್ ಹತ್ತಿದೆ.

ಮುತ್ತಪ್ಪನವರ ಅಂಗಡಿಯ ಗುಜರಿ ರಾಶಿಯನ್ನು ಕೈಯಿಂದ ಕೆದರಿದೆ. ಇಲ್ಲ. ಡಬ್ಬಿ, ಡ್ರಮ್ಮು, ನೀರಿನ ತೊಟ್ಟಿ ಎಲ್ಲ ನೋಡಿದೆ. ಇಲ್ಲ. ಊಟಕ್ಕೆ ಕುಳಿತಿದ್ದ ಮುತ್ತಪ್ಪ ರೊಟ್ಟಿಯ ತುಂಡಿನಿಂದ ಮೇಲೆ ತೋರಿಸಿದರು. ನೆರಳಿಗೆ ಕಟ್ಟಿದ ತಾಡಪತ್ರಿ ಗಾಳಿಗೆ ಹಾರಬಾರದೆಂದು ಅದರ ಮೂಲೆಗೆ ಭಾರ ಕಟ್ಟಿದ್ದರು. ನಮ್ಮ ಹಾರ್ನ್ ಅಲ್ಲಿ ಜೋತಾಡುತ್ತಿತ್ತು.

“ಈಗಷ್ಟ ಕೆಲಸಕ್ಕ ಹತ್ತಿತ್ತಲ್ಲೋ ಪಾಪ” ಎಂದರು.

ಹಾರ್ನಿನ ಜೊತೆ ಒಂದು ಉದ್ದನೆಯ ಜೋಡಿ ವೈರನ್ನೂ ಇಸಿದುಕೊಂಡು ಮಸಗುಪ್ಪಿಗೆ ಹಾರಿಬಂದೆ. ಕಾಕು ಆಗಲೇ ರಸ್ತೆಯ ಬದಿಗೆ ಹೋಗಿ, ಸೆರಗು ಬೀಸುತ್ತ ಟ್ರಾಲಿಗಳನ್ನು ನಿಧಾನ ಮಾಡಿಸುತ್ತಿದ್ದಳು. ಸುನೀಲ ತಮ್ಮ ಕಬ್ಬಿನ ಮುಂದೆ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು.

“ಸತ್ತೆಪ್ಪಣ್ಣಾ, ಗೊಬ್ಬರ ಹೊಲಕ್ಕ ಹಾಕ್ರಿ ಅಂದ್ರ ಕಬ್ಬಿಗೂ ಹಾಕಾಕತ್ತೀರಲ್ರಿ!”

“ಇದು ಪುಕ್ಕಟ್ಟ ರೀ” ಎಂದ ಕಾಕಾ. ಆ ಹೊತ್ತಿನಲ್ಲೂ ಅಂದ. ಆದರೆ ಕಣ್ಣು ಕಬ್ಬಿನ ಮೇಲೇ ಇತ್ತು.

ಹಾರ್ನನ್ನು ಹಚ್ಚಲು ಜಾಗವಿರಲಿಲ್ಲ, ಹೊತ್ತೂ ಇರಲಿಲ್ಲ. ವೈರನ್ನು ಬ್ಯಾಟರಿಗೆ ಸುತ್ತಿ, ಗಾಡಿಯ ಮುಂದಿನ ಜಾಲರಿಯ ಸಂದಿಯಿಂದ ಹೊರಗೆಳೆದೆ. ಹೊಸ ಬಂಪರ್ ಬೆಂಚಿನಷ್ಟು ಅಗಲವಿತ್ತು. ನಾನು ಅದರ ಮೇಲೆ, ನಾನೇ ಬರೆದ ಎರಡು ಕೋಡುಗಳ ನಡುವೆ, ಹಾರ್ನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತು ವೈರಿನ ತುದಿ ಮುಟ್ಟಿಸಿದೆ. ಚಟ್ ಎಂದು ಬೆರಳಿಗೆ ಕಿಡಿ ಸಿಡಿಯಿತು. ದನಿಯಿಲ್ಲ.

“ಸತ್ತೈತೇನೋ?” ಎಂದ ಕಾಕಾ.

ನಾನು ಅದರ ಬೆನ್ನಿಗೆ ಪಾನಾದಿಂದ ಎರಡು ಬಡಿದು ಮತ್ತೆ ಮುಟ್ಟಿಸಿದೆ.

‘ಬ್ಹೊಂಯ್.’

ಅಷ್ಟು ಅಸಹ್ಯವಾದ ದನಿ ಅಷ್ಟು ಸಿಹಿಯಾಗಿ ನನಗೆಂದೂ ಕೇಳಿಸಿರಲಿಲ್ಲ. ಕಬ್ಬು ಸುಮ್ಮನಿತ್ತು. ಇನ್ನೊಮ್ಮೆ ಮುಟ್ಟಿಸಿದೆ. ಒಳಗೆಲ್ಲೋ ಗರಿ ಸರಬರ ಎಂದಿತು. ಒಂದು ಬಿಳಿ ಕಿವಿ ಕಾಣಿಸಿತು, ಅದರ ಹಿಂದೆ ಕುರಿ, ಅದರ ಹಿಂದೆ ಅದರ ಮರಿ, ಅದರ ಹಿಂದೆ ಕಬ್ಬಿನ ಸಾಲುಸಾಲಿನಿಂದ ಬಾಯಲ್ಲಿ ಗರಿ ಕಚ್ಚಿಕೊಂಡೇ ಬಂದ ಹಿಂಡು. ಬಂಪರನ್ನು ಕಂಡು ತುಸು ತಡೆದವು. ‘ಬ್ಹೊಂಯ್’ ಎಂದೆ, ಅಂದರೆ ಹಾರ್ನ್ ಎಂದಿತು. ಮುಖ ಯಾರದಾದರೇನು, ದನಿ ನಮ್ಮದು ಎಂದುಕೊಂಡವೋ ಏನೋ, ಬಂದು ಸುತ್ತ ನಿಂತವು. ಒಂದು ಟಗರು ನನ್ನ ಅಂಗಿಯ ತೋಳಿನ ರುಚಿ ನೋಡಿತು.

ಕಾಕಾ ಒಂದೊಂದರ ಬೆನ್ನಿಗೂ ಕೈ ತಾಗಿಸುತ್ತ, ಬಾಯಲ್ಲೇ ಏನೋ ಅನ್ನುತ್ತ ಹಿಂಡಿನೊಳಗೆ ಒಂದು ಸುತ್ತು ಬಂದ. ಮುಗಿಸಿ ನನ್ನ ಮುಂದೆ ನಿಂತಾಗ ಅವನ ಕಣ್ಣು ಒದ್ದೆಯಾಗಿತ್ತು, ಮೀಸೆ ನಗುತ್ತಿತ್ತು.

“ಎಲ್ಲಾ ಅದಾವ. ಇಳೀಬ್ಯಾಡ, ಅಲ್ಲೇ ಕುಂದ್ರು.”

“ಕಾಕಾ, ರೋಡಿನ್ಯಾಗ ಮಂದಿ ನೋಡತಾರ…”

“ನೋಡಲಿ. ನಾ ಇಷ್ಟ ವರ್ಷ ನೋಡಿಸ್ಕೊಂಡಿಲ್ಲೇನು?”

ಹೀಗೆ ಮೂಡಲಗಿ ತಾಲೂಕಿನ ದೊಡ್ಡ ರಸ್ತೆಯನ್ನು ನಾನು ಬಂಪರಿನ ಮೇಲೆ ಕುಳಿತು, ತೊಡೆಯ ಮೇಲೆ ಹಾರ್ನ್ ಕೂಗಿಸುತ್ತ ದಾಟಿದೆ. ಕಾಕು ಎರಡೂ ಕೈ ಚಾಚಿ ಟ್ರಾಲಿಗಳನ್ನು ತಡೆದು ನಿಂತಿದ್ದಳು. ಹಿಂದೆ ಹಿಂಡು ಸಾಲಾಗಿ, ಶಿಸ್ತಾಗಿ ಬಂತು. ಟ್ರ್ಯಾಕ್ಟರಿನವರು ಇಂಜಿನ್ ಬಂದ್ ಮಾಡಿ ಮೊಬೈಲ್ ತೆಗೆದರು. “ಏ ಹಾರ್ನ್ಯಾ, ಇನ್ನೊಮ್ಮೆ ಒದರಲೇ!” ಎಂದ ಒಬ್ಬ. ಒದರಿಸಿದೆ. ಬೇಡವೆಂದರೂ ಒದರಿಸಲೇಬೇಕಿತ್ತು. ನನ್ನ ಕಲಾಕೃತಿಯ ಫೋಟೋ ತೆಗೆಯುವುದು ನನಗೆ ನೆನಪಾಗಲಿಲ್ಲ. ಅದರ ವಿಡಿಯೋ ಮಾತ್ರ ನಾನು ಗೋಕಾಕಕ್ಕೆ ಮರಳುವ ಮುಂಚೆಯೇ ನಮ್ಮ ಮಾಲಕರ ಮೊಬೈಲಿಗೆ ಬಂದಿತ್ತು. ಬಂಪರ್ ಅದರಲ್ಲಿ ಕಾಣುವುದಿಲ್ಲ. ನಾನೇ ಅಡ್ಡ ಕುಳಿತಿದ್ದೇನೆ.

ಹಿಂಡು ಇಳಿದ ಮುಂದಿನ ಬೀಡಿನಲ್ಲಿ ಹಳೆಯ ಹಾರ್ನಿಗೆ ಒಂದು ಮನೆಯಾಯಿತು. ಬಂಪರಿನಲ್ಲಿ ಹೆಚ್ಚಿನ ಲೈಟು ಕೂಡಿಸಲೆಂದು ದುಂಡಗೆ ಬಿಟ್ಟ ಜಾಗವಿರುತ್ತದೆ. ಅಲ್ಲಿ ಅದನ್ನು ಬಾಯಿ ಹೊರಗೆ ಮಾಡಿ ಬಿಗಿದೆ. ಈಗ ಗಾಡಿಯಲ್ಲಿ ಎರಡು ಸ್ವಿಚ್ಚುಗಳಿವೆ, ಒಂದು ಮಂದಿಗೆ, ಒಂದು ಕುರಿಗೆ. ಯಾವುದು ಯಾವುದಕ್ಕೆಂದು ಮರೆಯದಂತೆ ಕುರಿಯ ಸ್ವಿಚ್ಚಿಗೆ ಕಾಕು ಕೆಂಪು ದಾರ ಸುತ್ತಿದ್ದಾಳೆ. ಹುಕ್ಕೇರಿಯಲ್ಲಿ ಶಿದ್ಲಿಂಗಪ್ಪನವರು ಗಾಡಿಯ ಕೋಡು ನೋಡಿ ಗಾಬರಿಯಾದರಂತೆ, ಹಿಂಡು ನೋಡಿ ಸಮಾಧಾನವಾದರಂತೆ. ಕಾಕಾ ಅವರ ಊರಲ್ಲೂ ಬೇಕಿಲ್ಲದ ಒಂದು ಸುತ್ತು ಹೊಡೆದನಂತೆ.

ಮೊನ್ನೆ ಅಂಗಡಿಯಲ್ಲಿ ಒಬ್ಬರ ಗಾಜಿಗೆ ಸ್ಟಿಕರ್ ಅಂಟಿಸುತ್ತಿದ್ದೆ. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಮನುಷ್ಯನೊಬ್ಬ ಒಳಗೆ ಬಂದ. ಶೆಟ್ಟೆಪ್ಪ ಅಂತ, ಹುಕ್ಕೇರಿ ಕಡೆಯ ಕುರಿಗಾರ. ಹೊಸದಾಗಿ ಒಂದು ಹಳೆಯ ಗಾಡಿ ಕೊಂಡಿದ್ದಾನೆ. ಮಾಲಕರು ಉತ್ಸಾಹದಿಂದ ಜೋಡಿ ಹಾರ್ನ್, ಸಂಗೀತದ ಹಾರ್ನ್ ಎಲ್ಲವನ್ನೂ ಕೂಗಿಸಿ ತೋರಿಸಿದರು. ಅವನು ಎಲ್ಲಕ್ಕೂ ತಲೆ ಅಲ್ಲಾಡಿಸಿ ನನ್ನ ಕಡೆ ತಿರುಗಿದ.

“ಸತ್ತೆಪ್ಪಣ್ಣ ನಿಮ್ಮನ್ನ ಕೇಳು ಅಂದಾನ್ರಿ. ನೀರು ಕುಡದ ಹಾರ್ನ್ ಐತೇನ್ರಿ?”

ನಾನು ಸೊಂಟದ ಮೇಲೆ ಕೈಯಿಟ್ಟು ‘ಹೂಂ’ ಎಂದೆ. ಆಮೇಲೆ ಒಂದು ಹೊಸ ಹಾರ್ನ್ ತೆಗೆದು, ಮಾಲಕರು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದ್ದಾಗ, ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದೆ.