ತಡೀರಿ ಸಾಹೇಬರು
ದೋಣಿ ತಯಾರಿಸುವ ಕಾರ್ಖಾನೆಯಲ್ಲಿ ಅವರಿಗೆ ತಡೀರಿ ಸಾಹೇಬರು ಎಂದೇ ಹೆಸರು. ಅಚ್ಚಿನಲ್ಲಿ ಹಾಸಿದ ಗಾಜಿನ ನಾರಿನ ಬಟ್ಟೆಯೊಳಗೆ ರೆಸಿನ್ ಎಂಬ ಅಂಟು ಹೇಗೆ ಹರಿಯುತ್ತದೆ, ಎಲ್ಲಿ ತಲುಪದೆ ಒಣಜಾಗ ಉಳಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಮೊದಲೇ ಹರಿಸಿ ನೋಡುವುದು ಅವರ ಕೆಲಸ. ಮೇಜಿನ ಮೇಲೆ ಚಹಾ ಚೆಲ್ಲಿದರೆ ಉಳಿದವರು ಬಟ್ಟೆ ಹುಡುಕುತ್ತಿದ್ದರು. ಇವರು ‘ತಡೀರಿ, ಎಡಕ್ಕೆ ಹೋಗುತ್ತೆ ನೋಡಿ’ ಎಂದು ಕತ್ತು ಬಾಗಿಸಿ ಕೂರುತ್ತಿದ್ದರು. ಚಹಾ ಬಲಕ್ಕೆ ಹರಿದು ಅವರ ಪ್ಯಾಂಟಿನ ಮೇಲೇ ಇಳಿಯುತ್ತಿತ್ತು. ಒಮ್ಮೆ ಮೇಸ್ತ್ರಿ ಬಂದು, ‘ಸಾರ್, ರೆಸಿನ್ ಗಟ್ಟಿಯಾಗೋಕೆ ಹಾರ್ಡನರ್ ಬೆರೆಸಿಯಾಯ್ತು, ಇನ್ನು ಅದು ಯಾರ ಮಾತೂ ಕೇಳಲ್ಲ’ ಎಂದು ಗೋಗರೆದರೂ, ‘ತಡೀರಿ, ಇನ್ನೊಂದೇ ಸಲ’ ಎಂದು ಲೆಕ್ಕ ತಿದ್ದುತ್ತ ಕೂತರು. ಲೆಕ್ಕವೇನೋ ಕೂದಲೆಳೆಯಷ್ಟೂ ತಪ್ಪಿಲ್ಲದೆ ಬಂತು. ಅಷ್ಟರಲ್ಲಿ ಬಕೆಟ್ಟಿನ ರೆಸಿನ್ ಕಲಕುವ ಕೋಲಿನ ಸಮೇತ ಕಲ್ಲಾಗಿತ್ತು. ಆ ಗಡ್ಡೆ ಇಂದಿಗೂ ಅವರ ಮೇಜಿನ ಮೇಲಿದೆ. ನೋಡಿದವರೆಲ್ಲ ನಗುತ್ತಾರೆ, ಅವರೂ ನಗುತ್ತಿದ್ದರು, ಅಕ್ಕ ಹೋಗುವವರೆಗೆ. ಅಮ್ಮನನ್ನು ಯಾರು ನೋಡಿಕೊಳ್ಳಬೇಕೆಂಬ ಜಗಳದಲ್ಲಿ ಅಕ್ಕನಿಗೆ ಆಡಬಾರದ ಮಾತು ಆಡಿದ್ದರು. ಕಾಯಿಲೆ ಬಿದ್ದ ಅವಳೇ ಫೋನ್ ಮಾಡಿ, ‘ಏನೂ ಮಾತಾಡ್ಬೇಡ ಕಣೋ, ಸುಮ್ನೆ ಒಂದ್ಸಲ ಬಂದು ಹೋಗು’ ಅಂದಳು. ‘ಬರ್ತೀನಿ, ತಡಿಯಕ್ಕ’ ಅಂದ ಇವರು, ನಾನು ಹೀಗಂದರೆ ಅವಳು ಹಾಗನ್ನಬಹುದು ಎಂದು ಕ್ಷಮೆ ಕೇಳುವ ಮಾತನ್ನು ಮನಸ್ಸಿನಲ್ಲೇ ಹರಿಸಿ ಹರಿಸಿ ತಿದ್ದಿದರು. ಮಾತು ಸರಿಹೋದ ದಿನ ಬಸ್ಸು ಹತ್ತಿ ಹೋದರೆ, ಅಕ್ಕನ ಮನೆಬಾಗಿಲಲ್ಲಿ ಬಂದವರ ಚಪ್ಪಲಿ ರಾಶಿ ಬಿದ್ದಿತ್ತು. ಒಳಗಿನಿಂದ ಅಳು ಕೇಳುತ್ತಿತ್ತು. ಈಗ ಮೇಸ್ತ್ರಿ ‘ಬೆರೆಸಿಯಾಯ್ತು ಸಾರ್’ ಅಂದರೆ ಸಾಕು, ಲೆಕ್ಕವನ್ನು ಅರ್ಧಕ್ಕೇ ಬಿಟ್ಟು, ‘ಬಿಡ್ರೀ, ಹರಿಯೋಕೆ ಬಿಡ್ರೀ’ ಎಂದು ಕೂಗುತ್ತ ಅವರೇ ಓಡುತ್ತಾರೆ.