ವಿಭೂತಿ ಹಚ್ಚಿಕೊಂಡ ಪೈಲ್ವಾನ ಮೋಟಾರು

ನನಗೆ ಮೋಟಾರು ಅಂದರೆ ಆಗಿಬರುವುದಿಲ್ಲ. ಸವಣೂರಿನಿಂದ ಶಿಗ್ಗಾಂವಿಗೆ ಹೋಗುವ ಬಸ್ಸು ಊರ ಅಗಸಿಬಾಗಿಲು ದಾಟುವುದರೊಳಗೆ ನನ್ನ ಹೊಟ್ಟೆ ತೊಳಸಲಿಕ್ಕೆ ಶುರು ಆಗುತ್ತದೆ. ಸೆರಗಿನ ತುದಿಗೆ ಲಿಂಬೆಹಣ್ಣು ಕಟ್ಟಿಕೊಂಡು, ಅದನ್ನು ಮೂಸುತ್ತ, ಕಣ್ಣು ಮುಚ್ಚಿ ಶಿವ ಶಿವ ಅನ್ನುತ್ತ ಹೋಗುವವಳು ನಾನು. ಕಂಡಕ್ಟರು ನನ್ನನ್ನು ಕಂಡ ಕೂಡಲೆ "ಆಯಿ, ಕಿಡಕಿ ಕಡೆ ಕುಂದರ್ರಿ" ಅನ್ನುತ್ತಾನೆ. ಅದು ನನ್ನ ವಯಸ್ಸಿಗೆ ಕೊಡುವ ಮರ್ಯಾದೆ ಅಂತ ಬಹಳ ದಿನ ತಿಳಿದುಕೊಂಡಿದ್ದೆ. ಅಂಥವಳು ಇವತ್ತು ಒಂದು ಮೋಟಾರಿನ ಗುಣಗಾನ ಬರೆಯಲಿಕ್ಕೆ ಕುಂತೇನಿ. ಕನ್ನಡ ಸಾಲಿಯಲ್ಲಿ ಮೂರನೇತ್ತೆ ದಾಟದ ಕೈ ಇದು. ಅಕ್ಷರ ಸೊಟ್ಟಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ. ಸಂತೋಷ ಹೆಚ್ಚಾದಾಗ ಕಲಿತವರ ಕೈಯೂ ನೆಟ್ಟಗೆ ನಿಲ್ಲುವುದಿಲ್ಲವಂತೆ.

ಮೋಟಾರು ಅಂದೆನಲ್ಲ, ಹೆದರಬೇಡಿರಿ. ಅದು ನನ್ನ ಅಂಗೈಗಿಂತ ತುಸು ಉದ್ದ, ಅಷ್ಟೇ. ಪ್ಲಾಸ್ಟಿಕ್ಕಿನದು. ಮುಂಬಯಿ ಬಂದರಿನಲ್ಲಿ ಕೆಲಸ ಮಾಡುವ ನನ್ನ ಸಣ್ಣ ಮಗ ದೀಪಾವಳಿಗೆ ಬಂದಾಗ ತನ್ನ ಅಣ್ಣನ ಮಗಳು ಗಿರಿಜಾಳಿಗೆಂದು ತಂದ. ಡಬ್ಬಿಯ ಮೇಲೆ ಕೆಂಪು ಮೋಟಾರಿನ ಚಿತ್ರ. ಮೂತಿ ಉದ್ದ, ಹಿಂಬದಿ ದಪ್ಪ, ಗಾಲಿಗಳೋ ರೊಟ್ಟಿ ತಟ್ಟುವ ಹಲಗೆಯಷ್ಟು ಅಗಲ.

"ಇವಕ್ಕ ಪೈಲ್ವಾನ ಮೋಟಾರು ಅನಬೇಕವ್ವ," ಅಂದ ಮಗ. "ಅಮೇರಿಕಾದ ಹುಡುಗೂರು ಇವಕ್ಕ ಜೀವಾ ಬಿಡ್ತಾರ. ಒಂದರಾಗ ಮುನ್ನೂರು ಕುದುರಿ ಶಕ್ತಿ ಇರತೈತಿ."

"ಅಷ್ಟು ಕುದುರಿ ಕಟಗೊಂಡು ಎಲ್ಲಿಗೆ ಹೋಗ್ತಾರಪಾ?"

"ಎಲ್ಲಿಗೂ ಇಲ್ಲವ್ವ. ಸುಮ್ನ ಈ ಚೌಕದಿಂದ ಆ ಚೌಕಕ್ಕ. ಭರ್ರ್ ಅಂತ ಹೋಗಿ ಭರ್ರ್ ಅಂತ ಬರ್ತಾರ."

ನನಗೆ ಆಶ್ಚರ್ಯ ಆಗಲಿಲ್ಲ. ನಮ್ಮ ಗರಡಿಮನೆಯ ಪೈಲ್ವಾನರೂ ಹಾಗೆಯೇ. ಹಾಲು, ಬದಾಮಿ, ತುಪ್ಪ ಎಲ್ಲ ತಿಂದು ತೋಳು ಬೆಳೆಸುತ್ತಾರೆ. ಮನೆಯ ಮುಂದೆ ಜೋಳದ ಚೀಲ ಇಳಿದಾಗ ಮಾತ್ರ ಅವರ ನಡ ಹಿಡಿದಿರುತ್ತದೆ. ಕಸುವು ಇರುವುದು ತೋರಿಸಲಿಕ್ಕೆ, ಬಳಸಲಿಕ್ಕಲ್ಲ ಅನ್ನುವ ಶಾಸ್ತ್ರ ಅಮೇರಿಕಾದವರೆಗೂ ಮುಟ್ಟಿದೆ ಅಂತಾಯಿತು.

ಡಬ್ಬಿ ತೆಗೆದರೆ ಒಳಗೆ ಮೋಟಾರೇ ಇರಲಿಲ್ಲ! ಹುಣಸೆ ಟೊಂಗೆಗೆ ಕಾಯಿ ಜೋತುಬಿದ್ದ ಹಾಗೆ ಪ್ಲಾಸ್ಟಿಕ್ಕಿನ ಕಡ್ಡಿಗಳಿಗೆ ಬಿಳಿಯ ತುಣುಕುಗಳು ಅಂಟಿಕೊಂಡಿದ್ದವು. ಬಾಗಿಲು ಒಂದು ಕಡೆ, ಗಾಲಿ ಒಂದು ಕಡೆ, ಗೋದಿಕಾಳಿನಷ್ಟು ಸಣ್ಣ ಕನ್ನಡಿ ಒಂದು ಕಡೆ. ಜತೆಗೆ ಅಂಟಿನ ಒಂದು ಟ್ಯೂಬು, ಇಂಗ್ಲಿಷಿನ ಒಂದು ಹಾಳೆ. ನಮ್ಮ ಯಜಮಾನರು, ಅಂದರೆ ಗಿರಿಜಾಳ ಅಜ್ಜ, ಕನ್ನಡಕ ಏರಿಸಿ ನೋಡಿ ತೀರ್ಪು ಕೊಟ್ಟರು: "ಮುಂಬಯಿ ಮಂದಿ ನಿನಗ ಟೋಪಿಗಿ ಹಾಕ್ಯಾರಲೇ ತಮ್ಮಾ. ಒಡದ ಮಾಲು ಕಟ್ಟಿ ಕಳಿಸ್ಯಾರ."

ಗಿರಿಜಾ ಮಾತ್ರ ಆ ಹಾಳೆಯನ್ನು ಬಿಡಿಸಿ ಮುಂದಿಟ್ಟುಕೊಂಡು ಕುಂತಳು. ಹುಡುಗಿ ಏಳನೇತ್ತೆಯ ಮುಲ್ಕಿ ಪರೀಕ್ಷೆ ಪಾಸು. ಇಂಗ್ಲಿಷು ಅಷ್ಟಕ್ಕಷ್ಟೆ, ಆದರೆ ಚಿತ್ರಕ್ಕೆ ಯಾವ ಭಾಷೆ? ನಮ್ಮದು ಎಲೆಬಳ್ಳಿ ತೋಟದ ಮನೆತನ. ವೀಳ್ಯದೆಲೆ ಆರಿಸಿ ಪೆಂಡಿ ಕಟ್ಟುವ ಪಡಸಾಲೆಯ ಮೂಲೆಯಲ್ಲೇ ಅವಳ ಕಾರಖಾನೆ ಶುರುವಾಯಿತು. ಒಂದೊಂದೇ ತುಣುಕನ್ನು ಬ್ಲೇಡಿನಿಂದ ಬಿಡಿಸಿ, ಅಂಚು ತಿಕ್ಕಿ, ಸೂಜಿಯ ಮೊನೆಯಲ್ಲಿ ಅಂಟು ಹಚ್ಚಿ ಕೂಡಿಸುತ್ತಿದ್ದಳು. ಆ ಅಂಟಿನ ವಾಸನೆಗೆ ನನಗೆ ಶಿಗ್ಗಾಂವ ಬಸ್ಸಿನಲ್ಲಿ ಆದಂತೆಯೇ ಆಗುತ್ತಿತ್ತು. ಮನೆಯಲ್ಲೇ ಕುಳಿತು ಪ್ರಯಾಣದ ಸುಖ.

ಬಣ್ಣಕ್ಕೇನು ಮಾಡುವುದು? ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚಿ ಉಳಿದ ಕೆಂಪು ಎಣ್ಣೆಬಣ್ಣ ಗೋಡೆಯ ಮಾಡದಲ್ಲಿ ಇತ್ತು. ಯಜಮಾನರು "ಕೋಡಿಗೆ ಬಳದಂಗ ದಪ್ಪಗ ಬಳೀಬೇಕು, ಅಂದ್ರ ನಿಲ್ಲತೈತಿ" ಅಂತ ಹೇಳಿ, ಹೇಳಿದ್ದಷ್ಟೇ ಅಲ್ಲ, ತಾವೇ ಒಂದು ಕೈ ಬಳಿದರು. ಬಾಗಿಲಿನ ಗೆರೆ, ಹಿಡಿಕೆ, ಕಿಡಕಿಯ ಅಂಚು ಎಲ್ಲ ಬಣ್ಣದೊಳಗೆ ಮುಳುಗಿ ಮೋಟಾರು ಬೆಲ್ಲದಚ್ಚಿನ ಹಾಗೆ ಆಯಿತು. ಗಿರಿಜಾ ಅಳಲೂ ಇಲ್ಲ, ಬೈಯಲೂ ಇಲ್ಲ. ಹಸಿ ಇದ್ದಾಗಲೇ ಅರಿವೆಯಿಂದ ಒರೆಸಿ ತೆಗೆದಳು. ಬೇವಿನ ಕಡ್ಡಿಯ ತುದಿ ಜಗಿದು ಕುಂಚ ಮಾಡಿಕೊಂಡು, ಬಣ್ಣ ತೆಳ್ಳಗೆ ಮಾಡಿ, ಒಂದು ಪದರ ಒಣಗಿದ ಮೇಲೆ ಇನ್ನೊಂದು ಹಚ್ಚಿದಳು. ಧೂಳು ಬೀಳಬಾರದು ಅಂತ ಎಲೆಬುಟ್ಟಿಯನ್ನು ಅದರ ಮೇಲೆ ಡಬ್ಬ ಹಾಕಿ ಇಟ್ಟರೆ, ಓಣಿಯವರೆಲ್ಲ ಬಂದು ಬುಟ್ಟಿ ಎತ್ತಿ, "ಒಣಗೇತೇನು?" ಅಂತ ಬೆರಳಿನಿಂದ ಒತ್ತಿ ನೋಡಿ ಹೋಗುವವರು. ಒಣಗಿದ್ದರೆ ಬುಟ್ಟಿ ಯಾಕೆ ಇರುತ್ತಿತ್ತು ಅಂತ ಯಾರಿಗೂ ಹೊಳೆಯಲಿಲ್ಲ. ಕೆಲವು ದಿನ ಆ ಮೋಟಾರಿನ ಮೇಲೆ ಇಡೀ ಓಣಿಯ ಹೆಬ್ಬೆಟ್ಟು ಇತ್ತು. ಪ್ರತಿ ಹೆಬ್ಬೆಟ್ಟನ್ನೂ ಅಳಿಸಿ ಅವಳು ಮತ್ತೆ ಹಚ್ಚುವಳು.

ಇಷ್ಟರಲ್ಲಿ ಸುದ್ದಿ ಬಂತು: ತಿಳವಳ್ಳಿಯಿಂದ ಹೆಣ್ಣು ನೋಡಲಿಕ್ಕೆ ಬರುತ್ತಾರೆ.

ಇಲ್ಲಿ ನಿಮಗೆ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹೆಣ್ಣು ನೋಡಲು ಬಂದವರು ಹೆಣ್ಣಿಗಿಂತ ಮೊದಲು ಗೋಡೆ ನೋಡುತ್ತಾರೆ. ಗೋಡೆಯ ಮೇಲೆ ಹುಡುಗಿ ಮಾಡಿದ ಕೈಕೆಲಸ ಇರಬೇಕು: ಕಟ್ಟು ಹಾಕಿಸಿದ ಕಸೂತಿ, ಬಳೆಚೂರಿನ ತೋರಣ, ಮತ್ತು ಮುಖ್ಯವಾಗಿ, ಮಣಿಯಲ್ಲಿ ಪೋಣಿಸಿದ ಹಸಿರು ಗಿಳಿ. ಗಿಳಿ ಇಲ್ಲದ ಮನೆಯ ಹುಡುಗಿಗೆ ಸಂಸಾರ ಮಾಡಲು ಬರುವುದಿಲ್ಲ ಅಂತ ಲೆಕ್ಕ. ಗಿಳಿಗೂ ಸಂಸಾರಕ್ಕೂ ಏನು ಸಂಬಂಧ ಅಂತ ನಾನೂ ಒಮ್ಮೆ ಕೇಳಿದ್ದೆ. ನಮ್ಮತ್ತೆ ಉತ್ತರ ಕೊಡುವ ಬದಲು ಮಣಿಯ ಡಬ್ಬಿ ಕೊಟ್ಟರು. ನಮ್ಮ ಓಣಿಯಲ್ಲಂತೂ ಇರುವುದೇ ಒಂದು ಗಿಳಿ. ಯಾರ ಮನೆಗೆ ಬೀಗರು ಬರುತ್ತಾರೋ ಅವರ ಗೋಡೆಗೆ ಅದು ಹಾರಿ ಹೋಗಿ ಕುಳಿತುಕೊಳ್ಳುತ್ತದೆ. ಅದರ ಒಂದು ಕಣ್ಣು ಉದುರಿದೆ. ಎಷ್ಟೋ ಮದುವೆ ಮಾಡಿಸಿ ದಣಿದ ಗಿಳಿ ಅದು.

ಹಿಂದೆ ಹತ್ತಿಮತ್ತೂರಿನವರು ಬಂದಾಗ ನಮ್ಮ ಗೋಡೆ ಖಾಲಿ ಇತ್ತು. ಅವರು ನಮ್ಮ ಸವಣೂರಿನ ಕುರುಕಲು ಖಾರ ತಿಂದು, ಚಹಾ ಕುಡಿದು, "ತಿಳಸ್ತೇವ್ರಿ" ಅಂತ ಹೋದರು. ಆ ತಿಳಿಸುವುದು ಇನ್ನೂ ದಾರಿಯಲ್ಲಿದೆ. ಇನ್ನೊಂದು ಸಲ ಹಾಗಾದರೆ ಹುಡುಗಿಗೆ "ನೋಡಿ ಬಿಟ್ಟಾಕಿ" ಅನ್ನುವ ಹೆಸರು ಅಂಟುತ್ತದೆ, ಮೋಟಾರಿನ ಅಂಟಿಗಿಂತ ಗಟ್ಟಿಯಾಗಿ. ಗಿರಿಜಾಳ ಅವ್ವ, ನನ್ನ ಸೊಸೆ ಶಾರವ್ವ, ಈ ಚಿಂತೆಯಲ್ಲಿ ಅರ್ಧ ಆಗಿದ್ದಳು. ಗಿಳಿ ಕಡ ತರಲು ಹೊರಟೇಬಿಟ್ಟಳು.

ಗಿರಿಜಾ ಬಾಗಿಲಿಗೆ ಅಡ್ಡ ನಿಂತಳು. "ಅವ್ವಾ, ಆ ಗಿಳಿ ಬಂದ್ರ ನಾ ಹೊರಗ ಬರಂಗಿಲ್ಲ. ನಾ ಮಾಡದ್ದನ್ನ ಮಾಡೇನಿ ಅಂತ ಹೆಂಗ ಹೇಳ್ಲಿ?"

"ಮತ್ತ ಏನ ತೋರಸ್ತೀ? ನಿನ್ನ ತಲಿ?"

"ಮೋಟಾರ ತೋರಸ್ತೇನಿ."

ಶಾರವ್ವ ಕಂಬಕ್ಕೆ ಆತು ಕುಂತುಬಿಟ್ಟಳು. ನಾನು ಬಾಯಿಗೆ ಸೆರಗು ಅಡ್ಡ ಹಿಡಿದೆ. ಬಂದದ್ದು ನಗೆ, ಸೊಸೆ ಅದನ್ನು ಅಳು ಅಂತ ತಿಳಿದಳು.

ಆದರೆ ಯಜಮಾನರಿಗೆ ಬೇರೆಯೇ ಚಿಂತೆ. ಚಿತ್ರದಲ್ಲಿದ್ದ ಹಾಗೆ ಮೋಟಾರಿನ ಮೂತಿಯಿಂದ ಬಾಲದವರೆಗೆ ಎರಡು ಬಿಳಿ ಪಟ್ಟಿ ಎಳೆಯಬೇಕಿತ್ತು, ಉದ್ದಕ್ಕೆ. ಅವರು ಅದನ್ನು ನೋಡಿ ಹೌಹಾರಿದರು. "ಇದು ನಾಮ! ಲಿಂಗವಂತರ ಮನ್ಯಾಗ ನಾಮಾ ಹಾಕಿದ ಮೋಟಾರೇನು? ಬೀಗರು ಮನಿ ತಪ್ಪಿ ಬಂದೇವಂತ ತಿರುಗಿ ಹೋದಾರು!"

"ಅಜ್ಜಾ, ಅದು ಪಟ್ಟಿ ಅಷ್ಟ."

"ನಿನಗ ಪಟ್ಟಿ. ನೋಡಾವ್ರಿಗೆ?"

ಎರಡು ದೇಶಗಳು ಗಡಿಯ ಬಗ್ಗೆಯೂ ಇಷ್ಟು ಮಾತಾಡಿರಲಿಕ್ಕಿಲ್ಲ. ಕಡೆಗೆ ರಾಜಿ ಆಯಿತು. ಮುಂದಿನ ಮೂತಿಯ ಮೇಲೆ ಅಡ್ಡಕ್ಕೆ ಮೂರು ಪಟ್ಟಿ, ವಿಭೂತಿ. ಹಿಂದಿನ ಡಿಕ್ಕಿಯ ಮೇಲೆ ಚಿತ್ರದಲ್ಲಿದ್ದ ಹಾಗೆ ಉದ್ದಕ್ಕೆ ಎರಡು. ಬರುವಾಗ ಶೈವ, ಹೋಗುವಾಗ ಅದರ ಇಷ್ಟ. ಪೆಂಡಿ ಕಟ್ಟುವ ಒಣ ಬಾಳೆಪಟ್ಟಿಯನ್ನು ಅಂಚಿಗೆ ಅಂಟಿಸಿ ಗಿರಿಜಾ ಆ ಮೂರು ಗೆರೆ ಎಳೆದಳು ನೋಡಿರಿ, ಸ್ವಾಮಿಗಳ ಹಣೆಯ ಮೇಲೂ ಅಷ್ಟು ನೆಟ್ಟಗೆ ಇರುವುದಿಲ್ಲ.

ತಿಳವಳ್ಳಿಯವರು ಬಂದರು. ಹುಡುಗ ಈರಣ್ಣ, ಅವನ ಅಪ್ಪ, ಅವ್ವ, ಮತ್ತು ಶಿಗ್ಗಾಂವದ ಸೋದರಮಾವ. ಮಾವನದು ಕಾಳಿನ ದಲಾಲಿ, ಜತೆಗೆ ಒಂದು ಲಾರಿಯಲ್ಲಿ ಅರ್ಧ ಪಾಲು. ಮುಂದಿನ ಅರ್ಧವೋ ಹಿಂದಿನದೋ ನನಗೆ ತಿಳಿಯದು. ಅರ್ಧ ಲಾರಿ ಇದ್ದವರಿಗೆ ಜಗತ್ತಿನ ಎಲ್ಲ ಮೋಟಾರಿನ ತಿಳುವಳಿಕೆ ಇರುತ್ತದೆ ಅನ್ನುವುದನ್ನು ಮಾತ್ರ ಅವತ್ತು ಕಲಿತೆ.

ಎಲ್ಲರಿಗೂ ಗೊತ್ತಿದ್ದ ಹೆಸರನ್ನು "ಹೆಸರೇನವಾ?" ಅಂತ ಕೇಳಿ ಮುಗಿಸಿದ ಮೇಲೆ ಮಾವ ಗೋಡೆ ನೋಡಿದ. ಗೋಡೆ ಖಾಲಿ. "ಕಸೂತಿ, ಮಣಿಕೆಲಸ ಏನರ ಬರ್ತೈತೇನವಾ?"

ಗಿರಿಜಾ ಮೋಟಾರು ತಂದು ಜಮಖಾನೆಯ ಮೇಲೆ ಇಟ್ಟಳು. "ಇದನ್ನ ಮಾಡೇನ್ರಿ."

"ಪ್ಯಾಟ್ಯಾಗಿಂದಲ್ಲೇನು ಇದು?" ಅಂದರು ಹುಡುಗನ ಅಪ್ಪ.

"ತುಣುಕ ಪ್ಯಾಟ್ಯಾಗಿಂದ ಬಂದಾವ್ರಿ. ಕೂಡಿಸಿದಾಕಿ ನಾನು, ಬಣ್ಣಾ ಹಚ್ಚಿದಾಕಿ ನಾನು."

ಅವರು ಬಗ್ಗಿ ನೋಡಿದರು. ಮುಖ ಅರಳಿತು. "ಅರೇ, ವಿಭೂತಿ! ಮನಿ ಸಂಸ್ಕಾರ ಭಾಳ ಚಲೋ ಐತಿ." ನಮ್ಮ ಯಜಮಾನರು ಮೀಸೆ ತೀಡಿಕೊಂಡರು. ಮೋಟಾರಿನ ಬಾಲ ಬೀಗರಿಗೆ ಕಾಣದ ಹಾಗೆ ತಾವೇ ಅದರ ಹಿಂದೆ ಸರಿದು ಕುಂತರು.

ಮಾವನಿಗೆ ಅಷ್ಟರಿಂದ ಸಮಾಧಾನ ಆಗಲಿಲ್ಲ. "ಎಲ್ಲಾ ಖರೆ, ಆದ್ರ ತಪ್ಪು ಕೂಡಿಸೀಯಲ್ಲವಾ! ಸ್ಟೇರಿಂಗ್ ಎಡಕ್ಕ ಐತಿ. ಡ್ರೈವರ್ ಎಲ್ಲೆರ ಎಡಕ್ಕ ಕುಂದರ್ತಾನೇನು?"

"ಅವರ ದೇಶದಾಗ ಹಂಗ ಐತ್ರಿ. ಅಲ್ಲಿ ರಸ್ತೇದ ಬಲಕ್ಕ ಹೊಡೀತಾರ."

"ಬಲಕ್ಕ ಹೊಡದ್ರ ಎದುರಿಗೆ ಬಂದಾವ ಸಾಯ್ಬೇಕೇನು?"

"ಅವನೂ ಅವನ ಬಲಕ್ಕ ಹೊಡೀತಾನ್ರಿ."

ಮಾವ ತನ್ನ ಎರಡೂ ಕೈಗಳನ್ನು ಎದುರುಬದುರು ಹಿಡಿದು, ಒಂದನ್ನು ಹೀಗೆ, ಒಂದನ್ನು ಹಾಗೆ ಓಡಿಸಿ ನೋಡಿದ. ಲೆಕ್ಕ ಹತ್ತಲಿಲ್ಲ. ಹತ್ತದ ಲೆಕ್ಕವನ್ನು ಗಂಡಸರು ಗದ್ದಲದಿಂದ ಬಿಡಿಸುತ್ತಾರೆ. ಮೋಟಾರು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಹುಡುಗಿಯನ್ನು ನೋಡಲು ಬಂದವರು ಹುಡುಗಿಯನ್ನೇ ಮರೆತರು. ಒಬ್ಬರು ಗಾಲಿ ತಿರುವಿದರು, ಒಬ್ಬರು ಬಂಪರು ಜಗ್ಗಿದರು. ನಮ್ಮ ಯಜಮಾನರೂ ಸೇರಿದರು. ಕಡೆಗೆ ಮಾವ ಕಿಡಕಿಯಲ್ಲಿ ಬೆರಳು ತೂರಿಸಿ, "ತಡೀರಿ, ಇದನ್ನ ಕಿತ್ತು ಬಲಕ್ಕ ಹಾಕಿಬಿಡ್ತೇನಿ" ಅಂದ.

"ಮುಟ್ಟಬ್ಯಾಡ್ರಿ!"

ಗಿರಿಜಾ ಅವನ ಕೈಯಿಂದ ಮೋಟಾರು ಕಸಿದುಕೊಂಡಿದ್ದಳು. ಬೀಗರ ಮುಂದಿಟ್ಟಿದ್ದ ಖಾರದ ತಾಟು ಉರುಳಿ ಜಮಖಾನೆಯ ತುಂಬ ಖಾರ.

ಹೆಣ್ಣು ನೋಡುವ ದಿನ ಹೆಣ್ಣು ದನಿ ಎತ್ತುವುದೆಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಅಡಿಗೆಮನೆ ಬಾಗಿಲಲ್ಲಿ ಶಾರವ್ವ ಹಣೆ ಹಿಡಿದುಕೊಂಡಳು. ಎಲ್ಲರ ನಾಲಿಗೆ ತುದಿಗೆ "ತಿಳಸ್ತೇವ್ರಿ" ಬಂದು ಕುಂತದ್ದು ನನಗೆ ಕಂಡಿತು.

ಆಗ ಹುಡುಗನ ಅವ್ವ ಕೈ ಚಾಚಿದರು. "ಇಲ್ಲಿ ಕೊಡವಾ."

ಗಿರಿಜಾ ಕೊಟ್ಟಳು. ಆಯಮ್ಮ ಮೇಲೆ ನೋಡಲೇ ಇಲ್ಲ. ಮೋಟಾರನ್ನು ಬೋರಲು ಹಾಕಿದರು. ಆ ನೋಟ ಏನು ಅಂತ ನನಗೆ ಗೊತ್ತು. ಕಸೂತಿ ಬಲ್ಲ ಹೆಂಗಸು ಸೀರೆಯ ಸೆರಗನ್ನು ಮೊದಲು ತಿರುವಿ ಹಿಂಬದಿ ನೋಡುತ್ತಾಳೆ. ಮುಂದೆ ಚಂದ ಎಲ್ಲರೂ ಮಾಡುತ್ತಾರೆ. ಹಿಂದೆ ಗಂಟು ಇರಬಾರದು.

ಮೋಟಾರಿನ ತಳದಲ್ಲಿ ಹೊಗೆ ಹೋಗುವ ಕೊಳವೆಗಳಿಗೆ ಬೂದು ಬಣ್ಣ, ಅವುಗಳ ಬಾಯಿಗೆ ಮಸಿ, ಗಾಲಿಯ ಅಚ್ಚಿಗೆ ಕಪ್ಪು. ಸೂಜಿಮೊನೆಯ ಕೆಲಸ. ಅಲ್ಲಿ ಅಷ್ಟೆಲ್ಲ ಇದೆ ಅಂತ ನನಗೂ ಗೊತ್ತಿರಲಿಲ್ಲ.

"ತಳಕ್ಕ ಯಾಕ ಹಚ್ಚಿದಿ? ಯಾರ ನೋಡ್ತಾರ?"

"ಯಾರೂ ನೋಡಂಗಿಲ್ರಿ," ಅಂದಳು ಗಿರಿಜಾ. "ಆದ್ರ ಅದು ಅಲ್ಲಿ ಇರತೈತಲ್ರಿ."

ಆಯಮ್ಮ ತಮ್ಮನ, ಅಂದರೆ ಆ ಮಾವನ ಕಡೆ ತಿರುಗಿದರು. "ನಿನ್ನ ಲಾರಿ ತಳಾ ಎಂದರ ಬಗ್ಗಿ ನೋಡೀಯೇನು?" ಆಮೇಲೆ ನನ್ನ ಕಡೆ ನೋಡಿ, "ಎಲ್ಲೂ ಗಂಟಿಲ್ರಿ ಆಯಾರ. ನನಗ ಹುಡುಗಿ ಪಸಂದ," ಅಂದರು.

ಶಾರವ್ವ ಸಕ್ಕರೆ ತರಲು ಓಡಿದಳು. ನಾನು ತಡೆದೆ. "ತಡಿ, ಅವರದಾತು. ಈಕಿದು?" ಅಂತ ಗಿರಿಜಾಳನ್ನು ಒಳಗೆ ಕರೆದುಕೊಂಡು ಹೋದೆ. "ಹುಡುಗ ಹೆಂಗದಾನ?"

"ಮಾರಿ ಸರಿಯಾಗಿ ನೋಡಿಲ್ಲ ಆಯಿ. ಕೈ ನೋಡಿದೆ."

"ಕೈಯಾಗ ಏನಿತ್ತು?"

"ಏನೂ ಇದ್ದಿಲ್ಲ. ಎಲ್ಲಾರೂ ಮೋಟಾರ ಜಗ್ಗಾಡಾಕತ್ತಾಗ ಅವರೊಬ್ರು ಕೈ ಹಿಂದ ಕಟಗೊಂಡು, ಬಗ್ಗಿ ನೋಡಾಕತ್ತಿದ್ರು." ಆಮೇಲೆ ಅಂದಳು, "ನನಗೂ ಪಸಂದ."

ಮದುವೆ ಆಯಿತು. ಮೋಟಾರು ಇನ್ನೂ ನಮ್ಮ ಪಡಸಾಲೆಯಲ್ಲಿದೆ. ಪಂಚಮಿಗೆ ಬಂದಾಗ ಒಯ್ಯುತ್ತಾಳಂತೆ. ಇದನ್ನು ಬರೆಯುವ ಹೊತ್ತಿಗೆ ನಮ್ಮ ಯಜಮಾನರು ಅದರ ಮುಂದೆ ಕುಂತು, ಗಾಲಿಯನ್ನು ಬೆರಳಿನಿಂದ ಗರಗರ ತಿರುವುತ್ತಿದ್ದಾರೆ. ನನ್ನ ಮದುವೆಯ ದಿನ ನಾನು ಈ ಮನುಷ್ಯನ ಮುಖ ನೋಡಿದ್ದೆ, ಕೈ ನೋಡಲಿಲ್ಲ. ಅಡಿಗೆಗೆ ಉಪ್ಪು, ಒಲೆಗೆ ಕಟ್ಟಿಗೆ, ನಾನು ಪೋಣಿಸುತ್ತಿದ್ದ, ಅರ್ಧಕ್ಕೇ ನಿಂತ ಮಣಿಯ ಗಿಳಿ, ಇವರು ನಡುವೆ ಕೈ ತೂರಿಸದ ಕೆಲಸ ನನ್ನ ಸಂಸಾರದಲ್ಲಿ ಇಲ್ಲ. ಗಂಡಸರು ಹೀಗೆಯೇ ಅಂತ ಸುಮ್ಮನಿದ್ದೆ.

ಈಗ ಲೇಖನಿ ಕೆಳಗಿಟ್ಟು, "ಮುಟ್ಟಬ್ಯಾಡ್ರಿ" ಅಂದೆ.

ಅವರು ಕೈ ತೆಗೆದರು. ಅಷ್ಟೇ! ಇದು ಇಷ್ಟು ಸುಲಭ ಅಂತ ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ ನೋಡ್ರಿ.