ಮ್ಯಾಂಗೋಸ್ಟೀನ್ ಚೀಲದ ಬೆವರು

ಹಣ್ಣು ಹಾಳಾಗುವುದನ್ನು ನೋಡಿಕೊಂಡು ಸುಮ್ಮನಿರುವುದು ನನಗೆ ಬಾರದ ಕೆಲಸ. ಎಸ್‌ಎಸ್‌ಎಲ್‌ಸಿ ಮುಗಿಸಿ ದುಬೈಗೆ ಬಂದವನು ಅರ್ಧ ಆಯುಷ್ಯವನ್ನು ಹಣ್ಣಿನ ಮಾರ್ಕೆಟ್ಟಿನ ಕೋಲ್ಡ್ ಸ್ಟೋರಿನಲ್ಲೇ ಕಳೆದೆ. ಲಾರಿಯಿಂದ ಇಳಿದ ಬಾಕ್ಸ್ ಬಿಸಿಲಿನಲ್ಲಿ ನಿಂತರೆ ನನಗೇ ಜ್ವರ ಬಂದ ಹಾಗಾಗುತ್ತಿತ್ತು. ಇದನ್ನು ಸಮಜಾಯಿಷಿಯಾಗಿ ಹೇಳುತ್ತಿಲ್ಲ. ಮುಂದೆ ಮಾಡಿದ್ದರಲ್ಲಿ ಅರ್ಧಕ್ಕೆ ಮಾತ್ರ ಇದು ಕಾರಣ.

ಮೆಟ್ರೋ ಓಡಾಡತೊಡಗಿ ಕೆಲವು ವರ್ಷ ಆಗಿತ್ತು. ನಮ್ಮ ಸಾಹೇಬರು ಭಟ್ಕಳದವರು. ಥಾಯ್ಲೆಂಡಿನಿಂದ ಹಣ್ಣು ತರಿಸಿ ಮಾರುತ್ತಿದ್ದರು. ಆ ಬೇಸಿಗೆಯಲ್ಲಿ ಅಲ್ಲಿಯ ಕೃಷಿ ಕಾಲೇಜಿನ ಮೇಡಂ ಒಬ್ಬರು ನಮ್ಮಲ್ಲಿಗೆ ಬಂದರು. ನನ್ನ ಮಗಳ ಪ್ರಾಯ. ತಮ್ಮ ಊರಿನ ಬೆಳೆಗಾರರ ಸಂಘಕ್ಕಾಗಿ ಅವರು ಹೊಸ ಬಗೆಯ ಚೀಲವೊಂದನ್ನು ಮಾಡಿದ್ದರು. ಅದರಲ್ಲಿಟ್ಟರೆ ಮ್ಯಾಂಗೋಸ್ಟೀನ್ ಫ್ರಿಜ್ ಇಲ್ಲದೆಯೂ ಎಷ್ಟು ದಿನ ಬಾಳುತ್ತದೆ ಎಂದು ಇಲ್ಲಿಯ ಅಂಗಡಿಗಳ ಸೆಕೆಯಲ್ಲೇ ಪರೀಕ್ಷೆ ಆಗಬೇಕಿತ್ತು. ಮ್ಯಾಂಗೋಸ್ಟೀನ್ ಎಂದರೆ ನಮ್ಮ ಕರಾವಳಿಯ ಪುನರ್ಪುಳಿ ಹಣ್ಣಿನ ಶ್ರೀಮಂತ ನೆಂಟ; ದಪ್ಪ ನೇರಳೆ ಸಿಪ್ಪೆ, ಒಳಗೆ ಬಿಳಿ ತೊಳೆ. ಚೀಲ ಗೆದ್ದರೆ ಸಂಘದ ಇಡೀ ಸೀಸನ್ನಿನ ಹಣ್ಣು ತಮ್ಮದೇ ಎಂದು ಸಾಹೇಬರು ಮಾತು ಕೊಟ್ಟಿದ್ದರು.

ಆಫೀಸಿನ ಪಕ್ಕದ ಎಸಿ ಇಲ್ಲದ ಕೋಣೆಯಲ್ಲಿ ಮೇಡಂ ಅರ್ಧ ಹಣ್ಣನ್ನು ಸಾದಾ ರಟ್ಟಿನ ಬಾಕ್ಸುಗಳಲ್ಲಿ, ಇನ್ನರ್ಧವನ್ನು ತಮ್ಮ ಚೀಲಗಳಲ್ಲಿ ಇಟ್ಟರು. ನಮ್ಮಿಬ್ಬರ ಇಂಗ್ಲಿಷೂ ಒಂದೇ ದರ್ಜೆಯದು. ಹಾಗಾಗಿ ಚೆನ್ನಾಗಿ ಅರ್ಥವಾಗುತ್ತಿತ್ತು.

“ಅಂಕಲ್, ನಾನು ಅಬುಧಾಬಿಯ ಅಂಗಡಿಗಳನ್ನು ನೋಡಿಕೊಂಡು ಭಾನುವಾರ ಬರ್ತೇನೆ. ನೀವು ಏನೂ ಮಾಡಬೇಡಿ.”

“ಏನೂ ಅಂದ್ರೆ?”

“ಏನೂ. ಹಾಳಾದರೆ ಹಾಳಾಗಲಿ.”

“ಹಾಳಾದ್ರೆ ಸಾಹೇಬರು ಬೈತಾರೆ ಮೇಡಂ.”

“ನೀವು ಮುಟ್ಟಿದ್ರೆ ನಾನು ಬೈತೇನೆ.”

ಶುಕ್ರವಾರ ಮಧ್ಯಾಹ್ನ ಸಾಹೇಬರು ನಮಾಜಿಗೆ ಹೋಗಿದ್ದಾಗ ಆ ಕೋಣೆಗೆ ಹೋದೆ. ಬಾಕ್ಸಿನ ಹಣ್ಣುಗಳ ಸಿಪ್ಪೆ ಮರದ ಹಾಗೆ ಗಟ್ಟಿಯಾಗಿತ್ತು, ಹೆಬ್ಬೆರಳು ಇಳಿಯಲಿಲ್ಲ. ಚೀಲದಲ್ಲಿದ್ದವು ಇನ್ನೂ ಮೆತ್ತಗಿದ್ದವು, ಆದರೆ ತೊಟ್ಟು ಒಣಗತೊಡಗಿತ್ತು. ನಮ್ಮ ಕೆಲಸದಲ್ಲಿ ಹೋದದ್ದನ್ನು ಬಿಟ್ಟು ಇದ್ದದ್ದನ್ನು ಉಳಿಸುವುದು ಕ್ರಮ. ಚೀಲಗಳನ್ನು ಎತ್ತಿ ಕೋಲ್ಡ್ ಸ್ಟೋರಿನೊಳಗೆ ಇಟ್ಟೆ. ಆಗ ತಲೆಯಲ್ಲಿ ಮೋಸದ ಯೋಚನೆ ಇರಲಿಲ್ಲ. ಯಾವ ಯೋಚನೆಯೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ, ಮೇಡಂ ಬಸ್ಸು ಹತ್ತಿದ್ದೇನೆ ಎಂದು ಫೋನ್ ಮಾಡಿದಾಗ, ಅವರು ಹೇಳಿಹೋದದ್ದು ನೆನಪಾಯಿತು. ಓಡಿಹೋಗಿ ಚೀಲಗಳನ್ನು ತಂದು ಮೊದಲಿನ ಜಾಗದಲ್ಲೇ ಇಟ್ಟೆ. ತಣ್ಣಗಿದ್ದ ಚೀಲಗಳು ಸೆಕೆಗೆ ಬಂದದ್ದೇ ಬೆವರತೊಡಗಿದವು. ಕಂಡರೆ ಅವರಿಗೆ ಗೊತ್ತಾಗಿಬಿಡುತ್ತದೆ. ಹೆಗಲ ಮೇಲಿನ ಟವೆಲ್ಲಿನಿಂದ ಒಂದೊಂದನ್ನೇ ಒರೆಸಿದೆ, ಮತ್ತೆ ಬೆವರಿತು, ಮತ್ತೆ ಒರೆಸಿದೆ. ಒಳಗಿಟ್ಟದ್ದು ಅಭ್ಯಾಸ. ಒರೆಸಿದ್ದು ನಾನು.

ಮೇಡಂ ಹಣ್ಣು ಒತ್ತಿ ನೋಡಿದರು, ಕೊಯ್ದು ನೋಡಿದರು. ಆಮೇಲೆ ನಗುತ್ತ ನೆಲದ ಮೇಲೆ ಕುಳಿತುಬಿಟ್ಟರು. ಸಾಹೇಬರು ಒಂದು ತೊಳೆ ಬಾಯಿಗೆ ಹಾಕಿಕೊಂಡು ನನ್ನತ್ತ ತಿರುಗಿದರು.

“ಎಂಥ ಮಾರಾಯಾ, ಸಪ್ಪೆ ಮೋರೆ ಹಾಕಿ ನಿಂತಿದ್ದೀ? ಇನ್ನು ನಿನ್ನ ಕೋಲ್ಡ್ ಸ್ಟೋರಿಗೆ ಕೆಲಸ ಇಲ್ಲ ಅಂತ ಹೆದರಿಕೆಯಾ?”

ಎಲ್ಲರೂ ನಕ್ಕರು. ಬಾಯಿ ಬಿಡಬೇಕಾದ ಹೊತ್ತು ಅದೇ. ನಾನು ಚಹಾ ತರಲು ಹೋದೆ.

ಮುಂದಿನ ಮಾಲು ಆ ಚೀಲಗಳಲ್ಲೇ ಬಂದು ಅಲ್ ನಹ್ದಾ, ಇಂಟರ್‌ನ್ಯಾಷನಲ್ ಸಿಟಿಯ ಸಣ್ಣ ಗ್ರೋಸರಿಗಳಿಗೆ ಹೋಯಿತು. ಹತ್ತು ದಿನ ಹೊರಗಿಟ್ಟರೂ ಏನಾಗದು ಎಂದು ಸಾಹೇಬರು ಬಾಯಿ ತುಂಬ ಹೇಳಿದ್ದರು. ವಾರ ತುಂಬುವ ಮೊದಲೇ ಎಲ್ಲ ವಾಪಸು ಬಂತು. ನಮ್ಮ ಬಿಲ್ಡಿಂಗಿನ ಕೆಳಗಿನ ಗ್ರೋಸರಿಯ ಮಲಯಾಳಿ, “ಚೇಟ್ಟಾ, ಇದರ ಜೊತೆ ಸುತ್ತಿಗೆ ಫ್ರೀ ಇಲ್ವಾ?” ಎಂದು ಕೇಳಿದ.

“ಖಲಾಸ್,” ಎಂದರು ಸಾಹೇಬರು. “ಆ ಸಂಘದ ಹೆಸರು ಇನ್ನು ನನ್ನ ಎದುರು ಎತ್ತಬೇಡ.”

ಊರಿಗೆ ಮರಳಿದ್ದ ಮೇಡಂ ನನಗೆ ಫೋನ್ ಮಾಡಿದರು. ಎಲ್ಲಿ ತಪ್ಪಿತು ಎಂದು ಹುಡುಕುತ್ತಿದ್ದರು. ಸಂಘದವರು ಅವರನ್ನೇ ದೂರುತ್ತಿದ್ದರು.

“ಅಂಕಲ್, ಆ ಕೋಣೆಯಲ್ಲಿ ಏನಾದರೂ ವಿಶೇಷ ಇತ್ತಾ?”

“ಇಲ್ಲ ಮೇಡಂ.”

ಅದು ಸುಳ್ಳಲ್ಲ. ಕೋಣೆಯಲ್ಲಿ ಏನೂ ವಿಶೇಷ ಇರಲಿಲ್ಲ.

ಆ ಸೀಸನ್ ಪೂರ್ತಿ ಅವರು ಮಾಡಿದ ಪರೀಕ್ಷೆಯನ್ನೇ ಮತ್ತೆ ಮತ್ತೆ ಮಾಡುತ್ತಿದ್ದಾರೆ ಎಂದು ತಿಳಿದಾಗ ನನಗೆ ಊಟ ಸೇರದಾಯಿತು. ಚರ್ಚಿನಲ್ಲಿ ಶುಕ್ರವಾರದ ಪೂಜೆಗೆ ಮೊದಲು ಫಾದರ್ ಹತ್ತಿರ ಪಾಪನಿವೇದನೆಗೆ ಹೋದೆ.

“ಹಣ್ಣನ್ನು ಕೋಲ್ಡ್ ಸ್ಟೋರಿನಲ್ಲಿ ಇಟ್ಟೆ ಫಾದರ್.”

“ಇಟ್ಟದ್ದಾ, ಕದ್ದದ್ದಾ?”

“ಇಟ್ಟದ್ದು.”

“ಅದು ಪಾಪ ಅಲ್ಲ. ಮತ್ತೇನಾದರೂ ಇದೆಯಾ? ಹಿಂದೆ ತುಂಬಾ ಜನ ನಿಂತಿದ್ದಾರೆ.”

ಉಳಿದದ್ದನ್ನೂ ಹೇಳಬೇಕಾಯಿತು. “ಇದನ್ನು ನನಗೆ ಹೇಳಿದರೆ ಸಾಕಾ? ನಿನ್ನ ಹತ್ತಿರ ಫೋನಿಲ್ವಾ?” ಎಂದರು ಫಾದರ್.

ಚರ್ಚಿನ ಗೇಟಿನ ಹೊರಗೆ ನಿಂತು ಮೇಡಂಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಅವರು ಕೋಲ್ಡ್ ಸ್ಟೋರಿನ ಉಷ್ಣತೆ ಎಷ್ಟಿತ್ತು, ಯಾವಾಗಿನಿಂದ ಯಾವಾಗಿನವರೆಗೆ ಎಂದು ಕೇಳಿದರು. ಹೇಳಿದೆ.

“ಚೀಲ ಬರೀ ಎರಡು ದಿನ ಹೆಚ್ಚು ಕೊಡ್ತದೆ ಅಂಕಲ್. ಪ್ರತಿ ಸಲವೂ ಅಷ್ಟೇ. ನನಗೇ ಪರೀಕ್ಷೆ ಮಾಡಲು ಬರುವುದಿಲ್ಲ ಅಂದುಕೊಂಡಿದ್ದೆ.”

“ಎರಡು ದಿನ ಸಾಕಿತ್ತಾ ಮೇಡಂ?”

“ಸಾಕಿತ್ತು. ಎರಡು ದಿನ ಅಂತಲೇ ಹೇಳಿ ಮಾರಬಹುದಿತ್ತು.”

ಮರುದಿನ ಸಾಹೇಬರಿಗೂ ಹೇಳಿದೆ. ಎರಡು ದಿನ ನಿಜ, ಸಂಘದವರಿಗೆ ಇನ್ನೊಂದು ಅವಕಾಶ ಕೊಡಿ ಎಂದು ಬೇಡಿಕೊಂಡೆ.

“ಈಗ ಹೇಳ್ತೀಯಲ್ಲ ಮಾರಾಯಾ! ವಿಯೆಟ್ನಾಂನವರ ಜೊತೆ ಮಾತಾಗಿಹೋಯ್ತು. ಆ ಎರಡು ದಿನ ಇಟ್ಟುಕೊಂಡು ನಾನೇನು ಮಾಡಲಿ?”

ಕೆಲಸದಿಂದ ತೆಗೆಯಲಿಲ್ಲ. ಹಣ್ಣು ಹಾಳಾಗಲು ಬಿಡದವನು ಎಂದು ನನ್ನ ಬೆಲೆ ಹೆಚ್ಚಾಯಿತೋ ಏನೋ.

ಆರ್ಡರ್ ಇಲ್ಲ ಎಂದು ತಿಳಿಸುವ ಕೆಲಸವನ್ನು ನಾನೇ ಕೇಳಿ ಪಡೆದೆ. ಮೇಡಂ “ಸರಿ” ಎಂದಷ್ಟೇ ಹೇಳಿ, ಸಂಘದ ಅಧ್ಯಕ್ಷೆ ಇಲ್ಲೇ ಇದ್ದಾರೆ, ಅವರಿಗೆ ಫೋನ್ ಕೊಡಲೇ ಎಂದು ಕೇಳಿದರು. ಕೊಡಿ ಎಂದೆ. ಮುದುಕಿಯ ದನಿ. ಥಾಯ್ ಭಾಷೆಯ ಒಂದು ಅಕ್ಷರವೂ ನನಗೆ ಬಾರದು, ಆದರೆ ಬೈಗುಳ ಎಂದು ತಿಳಿಯಲು ಅದು ಬೇಕಾಗಲಿಲ್ಲ. ಆಕೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ. ಫೋನನ್ನು ಕಿವಿಯಿಂದ ತೆಗೆಯದೆ ನಿಂತೇ ಇದ್ದೆ.